ಬೂಟಿಗೊಂದು ಸಲೂಷನ್

ಮೊನ್ನೆ ನನ್ನ ಮಗಳ ಬೂಟು ಬಾಯಿ ಬಿಟ್ಟಿತು. ಗಾಬರಿಯಾಗಬೇಡಿ. ಅಟ್ಟೆಯ ಅಂಟು ಬಿಟ್ಟು ಬೂಟಿನ ಮೂತಿ ತೆರೆದುಕೊಂಡರೆ ನಮ್ಮ ಹೊಸಪೇಟೆಯಲ್ಲಿ ಹಾಗೆನ್ನುತ್ತೇವೆ. ಕಳ್ಳನ ಬಾಯಿ ಬಿಡಿಸಲು ಪೊಲೀಸರು ಬೇಕು, ಬೂಟಿಗೆ ಒಂದು ಕಲ್ಲು ಎಡವಿದರೆ ಸಾಕು. ಮಗಳು "ಹೊಸದು ತರಿಸೋಣಮ್ಮಾ" ಎಂದು ಫೋನು ತೆಗೆದಳು. ನಾನು "ತಡೀ" ಎಂದು ಮೊಳೆ, ಸುತ್ತಿಗೆ ಇಡುವ ಡಬ್ಬಿಯಿಂದ ಸಲೂಷನ್ ಟ್ಯೂಬು ತೆಗೆದೆ. ಅವಳು ಟ್ಯೂಬನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ನಿನಗ ಇದು ಬರ್ತದೇನಮ್ಮಾ?" ಎಂದು ಕೇಳಿದಳು.

ಬರುತ್ತದೆಯೇ ಎಂದು ನನ್ನನ್ನು ಕೇಳುವುದೇ! ನಾನು ಈ ಜನ್ಮದಲ್ಲಿ ಅಂಟಿಸಿರುವುದು ಒಂದೇ ಒಂದು ಜೊತೆ ಬೂಟು, ನಿಜ. ಆದರೆ ಅದರ ಅಂಟನ್ನು ಸಾಕ್ಷಾತ್ ದೇವರಿಗೂ ಬಿಡಿಸಿಕೊಳ್ಳಲಾಗಲಿಲ್ಲ. ಇದು ಜಂಬದ ಮಾತಲ್ಲ, ನಡೆದದ್ದು.

ಮೊದಲು ಸಲೂಷನ್ ಎಂಬ ಪದದ ಬಗ್ಗೆ ಎರಡು ಮಾತು. ಕಾಲೇಜಿನಲ್ಲಿ ಅದು ನೀರಿನಲ್ಲಿ ಉಪ್ಪು ಕರಗಿದರೆ ಆಗುವಂಥದ್ದು. ನಮ್ಮ ಓಣಿಯಲ್ಲಿ ಅದು ಸೈಕಲ್ ಶಾಪಿನ ಪಂಚರ್ ಹಾಕುವ ಅಂಟು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮ್ಯಾನೇಜರ್ ಮೀಟಿಂಗಿನಲ್ಲಿ ಮೇಜು ಕುಟ್ಟಿ, "ಪ್ರಾಬ್ಲಮ್ ಬ್ಯಾಡ, ನನಗ ಸಲೂಷನ್ ತಂದುಕೊಡ್ರಿ" ಎಂದಾಗ, ನನ್ನ ಕಣ್ಣ ಮುಂದೆ ಬಂದದ್ದು ಹಳದಿ ಟ್ಯೂಬೇ. ಎಂ.ಎಸ್ಸಿ. ಕೆಮಿಸ್ಟ್ರಿ ಓದಿದರೂ ಓಣಿ ಬಿಡಲಿಲ್ಲ ನೋಡಿ.

ಕೆಲಸ ಎಂದರೆ ಯಶವಂತನಗರದ ಹತ್ತಿರ ಒಂದು ಗಣಿಯ ಲ್ಯಾಬಿನಲ್ಲಿ. ಅದಿರಿನಲ್ಲಿ ಕಬ್ಬಿಣ ನೂರಕ್ಕೆ ಎಷ್ಟು ಎಂದು ಹೇಳುವುದು ನನ್ನ ಕೆಲಸ. ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು ಹೊಸಪೇಟೆಯಿಂದ ಹೊರಟು, ಲಾರಿಗಳ ಸಾಲಿನಲ್ಲಿ ಒಂದಾಗಿ, ಸಂಡೂರು ದಾಟಿ ನಮ್ಮನ್ನು ಗಣಿಗೆ ಮುಟ್ಟಿಸುತ್ತಿತ್ತು. ಅದು ಗಣಿಯ ಭರಾಟೆಯ ಕಾಲ. ಮರ ಕೆಂಪು, ಮನೆ ಕೆಂಪು, ಒಣಹಾಕಿದ ಬಟ್ಟೆ ಕೆಂಪು. ಬಿಳಿ ನಾಯಿ ಎಂಬುದು ನಮ್ಮಲ್ಲಿ ಮಳೆಗಾಲದಲ್ಲಿ ಮಾತ್ರ ಕಾಣಿಸುವ ಪ್ರಾಣಿ. ಊರಿಗೆ ಊರೇ ಅದಿರಿನ ಪಂಡಿತರಾಗಿದ್ದರು. ದಾರಿಯಲ್ಲಿ ಬಿದ್ದ ಕಲ್ಲನ್ನು ಕೈಯಲ್ಲಿ ತೂಗಿ "ಅರವತ್ತೆರಡು ಗ್ರೇಡು" ಎನ್ನುವವರು. ನನಗೆ ಗಂಡು ಹುಡುಕುತ್ತಿದ್ದ ನಮ್ಮ ಸೋದರಮಾವ ಕೂಡ "ಹುಡುಗ ಅಷ್ಟೇನಿಲ್ಲ, ಐವತ್ತೆಂಟು ಗ್ರೇಡು" ಎಂದಿದ್ದ.

ಗಣಿಯ ಗೇಟಿನಲ್ಲಿ ಮಿಲಿಟರಿಯಿಂದ ನಿವೃತ್ತನಾದ ವಾಚಮನ್ ಒಬ್ಬನಿದ್ದ. ಆತ ನಮ್ಮ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಚಪ್ಪಲಿ ಕಂಡರೆ ವಾಪಸ್. ಕಂಪನಿ ಕೊಡುತ್ತಿದ್ದ ಬೂಟುಗಳು ಆರನೇ ನಂಬರಿನಿಂದ ಶುರು, ನನ್ನ ಕಾಲು ಮೂರನೇ ನಂಬರು. ಅದನ್ನು ಹಾಕಿಕೊಂಡು ನಾನು ಬಲಕ್ಕೆ ತಿರುಗಿದರೆ ಬೂಟು ನೆಟ್ಟಗೇ ಹೋಗುತ್ತಿತ್ತು. ಪೇಟೆಯ ಅಂಗಡಿಯಲ್ಲಿ ನನ್ನ ಅಳತೆಗೆ ಸಿಕ್ಕಿದ್ದು, ಹೆಜ್ಜೆ ಇಟ್ಟಾಗಲೆಲ್ಲ ಹಿಮ್ಮಡಿಯಲ್ಲಿ ಲೈಟು ಹತ್ತುವ ಮಕ್ಕಳ ಬೂಟು. ಗಣಿಯಲ್ಲಿ ಲೈಟು ಹತ್ತಿದರೆ ಲಾರಿಯವರು ನನಗೂ ಸೈಡು ಕೊಟ್ಟಾರು ಎಂದು ಬಿಟ್ಟುಬಂದೆ. ಕೊನೆಗೆ ನನ್ನ ಮಾನ ಕಾಪಾಡಿದ್ದು ಹಂಪಿ. ಅಲ್ಲಿ ಲಾಡ್ಜು ನಡೆಸುತ್ತಿದ್ದ ಇದೇ ಸೋದರಮಾವನ ರೂಮೊಂದರಲ್ಲಿ ಯಾವುದೋ ದೇಶದ ಪುಟ್ಟ ಹೆಂಗಸು ತನ್ನ ಹಳೇ ಬೂಟು ಬಿಟ್ಟು, ಹಂಪಿ ಬಜಾರಿನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದಳು. ನನಗೆ ಅಚ್ಚುಹಾಕಿದಂತೆ ಕೂತಿತು. ಒಂದು ವರ್ಷ ಅದರಲ್ಲೇ ನನ್ನ ಸವಾರಿ.

ಹೀಗಿರುವಾಗ ಒಂದು ಶನಿವಾರ ಬಸ್ಸಿಳಿಯುವಾಗ ಎರಡೂ ಬೂಟು ಒಟ್ಟಿಗೆ ಬಾಯಿ ಬಿಟ್ಟವು. ನಾನು ಅದಕ್ಕೆ ಮೊದಲೇ ಎರಡು ಸಲ ಚಪ್ಪಲಿಯಲ್ಲಿ ಹೋಗಿ ಸಿಕ್ಕಿಬಿದ್ದಿದ್ದೆ. ಎರಡನೇ ಸಲ ವಾಚಮನ್ ನನ್ನ ಹೆಸರು ಬರೆದುಕೊಂಡು, "ಮೂರನೇ ಸಲ ಮನೀಗೇ ಹೋಗೋದ್ರೀ ಮೇಡಂ, ಮ್ಯಾನೇಜರ್ ಸಾಹೇಬ್ರು ಹೇಳ್ಯಾರ" ಎಂದಿದ್ದ. ಆತ ತಮಾಷೆ ಮಾಡುವವನಲ್ಲ. ಆ ಲ್ಯಾಬಿಗೆ ಸೇರಲು ನಾನು ಮನೆಯಲ್ಲಿ ಎಷ್ಟು ಜಗಳ ಆಡಿದ್ದೆನೆಂದು ಅವನಿಗೇನು ಗೊತ್ತು? ಹೆಣ್ಣುಮಗಳು ಗಣಿಗೆ ಹೋಗುವುದೇ ಎಂದವರೆಲ್ಲ "ನಾವು ಹೇಳಿದ್ವಲ್ಲ" ಎನ್ನಲು ಕಾಯುತ್ತಿದ್ದರು. ಸೋಮವಾರ ಬೆಳಿಗ್ಗೆಯೊಳಗೆ ನನಗೆ ಬೂಟು ಬೇಕೇ ಬೇಕಿತ್ತು.

ಸ್ಟೇಷನ್ ರಸ್ತೆಯಲ್ಲಿ ಚಪ್ಪಲಿ ಬೂಟು ಹೊಲಿಯುವ ಹನುಮಂತಣ್ಣನ ಹತ್ತಿರ ಓಡಿದೆ. ಆತ ದೊಡ್ಡ ತಾಡಪಾಲಿನ ನಡುವೆ ಕೂತಿದ್ದ. ಅದಿರಿನ ಲಾರಿಗಳಿಗೆಲ್ಲ ತಾಡಪಾಲು ಹೊದಿಸಬೇಕಲ್ಲ, ಆತನ ಸೂಜಿಗೆ ರಾಜಯೋಗ ಬಂದಿತ್ತು. ನನ್ನ ಬೂಟನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಈಗ ಹತ್ತು ಗಾಲಿಂದು ಹೊಲಿತೀನ್ರೀ ಯಕ್ಕಾ. ಎರಡು ಕಾಲಿಂದು ಬಿಟ್ಟುಬಿಟ್ಟೀನಿ."

ಸರಿ, ನಾನೇನು ಕಡಿಮೆ? ರಬ್ಬರು, ಅಂಟು, ದ್ರಾವಕ ಎಲ್ಲ ನನ್ನ ಶಾಸ್ತ್ರವೇ. ಸೈಕಲ್ ಶಾಪಿನಿಂದ ಸಲೂಷನ್ ತಂದೆ. ಹಳೇ ಅಂಟನ್ನು ಬ್ಲೇಡಿನಿಂದ ಕೆರೆದೆ, ಬೂಟನ್ನು ಸೀಮೆಎಣ್ಣೆಯಿಂದ ಒರೆಸಿದೆ, ಎರಡೂ ಕಡೆ ಉಜ್ಜಿ ತರಿ ಮಾಡಿದೆ. ಎರಡೂ ಕಡೆ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು ಎಂದು ಸೈಕಲ್ ಶಾಪಿನವನು ಹೇಳಿದ್ದ. ಮೂರನೇ ತರಗತಿ ಓದಿದವನ ಮಾತನ್ನು ಎಂ.ಎಸ್ಸಿ. ಕೇಳುವುದುಂಟೇ? ಧಾರಾಳವಾಗಿ ಬಳಿದೆ. ಬೂಟಿನ ಮೂತಿಯ ರಬ್ಬರ್ ಟೊಪ್ಪಿಗೆ ಸಡಿಲವಾಗಿದೆ ಅನ್ನಿಸಿ ಅದಕ್ಕೂ ಬಳಿದೆ. ಟ್ಯೂಬು ಖಾಲಿಯಾಯಿತು.

ಈಗ ಧೂಳಿನ ಭಯ. ಒದ್ದೆ ಅಂಟಿನ ಮೇಲೆ ಕೆಂಪು ಧೂಳು ಕೂತರೆ ಅಂಟು ಸತ್ತಂತೆ. ಪಡಸಾಲೆಯ ಮೂಲೆಯೊಂದೇ ಮನೆಯಲ್ಲಿ ಗಾಳಿ ಆಡದ ಜಾಗ. ಅಲ್ಲಿ ಒಂದು ಮಣೆ ಹಾಕಿ, ಬೂಟಿನೊಳಗೆ ಪೇಪರು ತುರುಕಿ, ಜೋಡಿಯಾಗಿ ಅದರ ಮೇಲಿಟ್ಟೆ. ಅಪ್ಪನ ಹಳೇ, ತೆಳ್ಳನೆಯ ಮಲ್ಲು ಪಂಚೆಯನ್ನು ಒಗೆದಿಟ್ಟಿದ್ದರು, ಅದನ್ನು ಹೊದಿಸಿ ಸುತ್ತಲೂ ಸಿಕ್ಕಿಸಿದೆ. ಒತ್ತಲು ಭಾರ ಬೇಕಲ್ಲ? ಆ ಕಾಲದಲ್ಲಿ ಹೊಸಪೇಟೆಯ ಮನೆಮನೆಯಲ್ಲೂ ಒಂದು ಅದಿರಿನ ಗಟ್ಟಿ ಇರುತ್ತಿತ್ತು. ಬಾಗಿಲು ಬಡಿಯದಂತೆ ಇಡಲು, ಉಪ್ಪಿನಕಾಯಿ ಅದುಮಲು. ನಮ್ಮದು ಲ್ಯಾಬಿನವರು ಬೇಡವೆಂದು ಎಸೆದದ್ದನ್ನು ಆ ವಾರವಷ್ಟೇ ನಾನು ತಂದಿದ್ದ ಕಪ್ಪು ಗಟ್ಟಿ, ನೋಡಲು ಸುಲಿಯದ ತೆಂಗಿನಕಾಯಿಯಷ್ಟು, ಎತ್ತಲು ಹೋದರೆ ಸೊಂಟ ಹಿಡಿಯುವಷ್ಟು. ಅದನ್ನು ತೊಳೆದು, ಎರಡೂ ಬೂಟಿನ ಮೂತಿಯ ಮೇಲೆ ಬರುವಂತೆ ಕೂಡಿಸಿದೆ. ಭಾನುವಾರ ಬೆಳಿಗ್ಗೆ ಅಪ್ಪ, ಅವ್ವ, ನಾನು ಮನೆಗೆ ಬೀಗ ಹಾಕಿ, ಕಂಪ್ಲಿಯಲ್ಲಿ ನಂಟರ ಮಗುವಿನ ನಾಮಕರಣಕ್ಕೆ ಹೋದೆವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಅಜ್ಜಿಯ ದೇವರ ವಿಷಯ ಹೇಳದೆ ಮುಂದೆ ಹೋದರೆ ನಿಮಗೆ ಏನೂ ಅರ್ಥವಾಗುವುದಿಲ್ಲ.

ಅಜ್ಜಿ, ಅಂದರೆ ಅಪ್ಪನ ತಾಯಿ, ಪಾಪಿನಾಯಕನಹಳ್ಳಿಯಲ್ಲಿ ಇದ್ದಳು. ಅಲ್ಲಿನ ನಮ್ಮ ಹೊಲದ ಬದುವಿನ ಮೇಲೆ, ಬೇವಿನ ಗಿಡದ ಕೆಳಗೆ, ಒಂದು ಕರಿಕಲ್ಲು ಇತ್ತು. ಹೆಸರು ಬದುವಿನಪ್ಪ. ಗುಡಿಯಿಲ್ಲ, ಪೂಜಾರಿಯಿಲ್ಲ. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಬೆಳೆಗೆ ಎಡೆಯೆಂದು ಚರಗ ಚೆಲ್ಲುವಾಗ ಮೊದಲ ತುತ್ತು ಅವನದು, ಅಷ್ಟೇ. ಗಣಿಯ ಭರಾಟೆಯಲ್ಲಿ ಆ ಹೊಲವನ್ನು ಒಬ್ಬ ವ್ಯಾಪಾರಿ ಅದಿರು ರಾಶಿ ಹಾಕಲು ಬಾಡಿಗೆಗೆ ಹಿಡಿದ. ಒಂದು ದಿನ ಅಜ್ಜಿ ಹೋಗಿ ನೋಡಿದರೆ ಬೇವಿನ ಗಿಡವಿದೆ, ಬದುವಿಲ್ಲ, ಬದುವಿನಪ್ಪನೂ ಇಲ್ಲ. ಲೋಡರ್ ಮಷೀನು ಅದಿರಿನ ಜೊತೆಗೆ ಅವನನ್ನೂ ಬಾಚಿ ಲಾರಿಗೆ ತುಂಬಿತ್ತು.

ಅಪ್ಪ ಸೂಪರ್‌ವೈಸರನನ್ನು ಕೇಳಲು ಹೋದ. ಆತ ಬೆಟ್ಟದಂಥ ರಾಶಿಗಳ ಕಡೆ ಕೈ ತೋರಿಸಿ, "ಕರಿಕಲ್ಲು ಅಂದ್ರ ಯಾವುದ್ರೀ ಯಜಮಾನ್ರ? ಇಲ್ಲಿ ಇರಾವೆಲ್ಲಾ ಅವ ಅಲ್ಲೇನ್ರೀ? ಎಷ್ಟು ಗ್ರೇಡಿತ್ತು?" ಎಂದು ಕೇಳಿದನಂತೆ.

ಆ ರಾಶಿ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಚೀನಾಕ್ಕೆ ಹೋಯಿತೆಂದು ತಿಳಿದಾಗ ಅಜ್ಜಿ ಅಳಲಿಲ್ಲ. ಅಪ್ಪನ ಕಡೆ ತಿರುಗಿ, "ಅವಗ ಅಲ್ಲಿ ಮಾತು ತಿಳಿತದೇನೋ ಈರಣ್ಣಾ? ಹಸಿವಾದ್ರ ಯಾರನ್ನ ಕೇಳ್ತಾನ?" ಎಂದಳು. ಅಪ್ಪನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅಂದಿನಿಂದ ಅಜ್ಜಿ ಊಟಕ್ಕೆ ಕೂತಾಗ ಮೊದಲ ತುತ್ತನ್ನು ತಟ್ಟೆಯಂಚಿಗೆ ಎತ್ತಿಡುತ್ತಿದ್ದಳು. ಅದು ಅವನಿಗೆ ಮುಟ್ಟಲಿಲ್ಲವೆಂಬ ಸಂಕಟಕ್ಕೆ ಉಳಿದದ್ದನ್ನೂ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಒಂದು ವರ್ಷದಲ್ಲಿ ಅಜ್ಜಿ ಅರ್ಧ ಆಗಿದ್ದಳು. ನಮಗೆಲ್ಲ ಅದೇ ಚಿಂತೆಯಾಗಿತ್ತು.

ಈಗ ಭಾನುವಾರ ಸಂಜೆಗೆ ಬನ್ನಿ. ಕಂಪ್ಲಿಯಿಂದ ಬಂದರೆ ಮನೆಯ ಬಾಗಿಲು ತೆರೆದಿತ್ತು. ಒಳಗೆ ಊದುಬತ್ತಿಯ ವಾಸನೆ. ಅಜ್ಜಿ ನಮಗೆ ಹೇಳದೆ ಬಸ್ಸು ಹತ್ತಿ ಬಂದು, ಪಕ್ಕದ ಮನೆಯ ಬಸಣ್ಣನ ಹತ್ತಿರ ಇಟ್ಟಿದ್ದ ಕೀ ಇಸಿದುಕೊಂಡಿದ್ದಳು. ಪಡಸಾಲೆಯ ಮೂಲೆಯಲ್ಲಿ ನನ್ನ ಅದಿರಿನ ಗಟ್ಟಿಗೆ ಮೂರು ಬೆರಳಿನ ವಿಭೂತಿ, ಕಣಗಿಲೆ ಹೂವು, ಮುಂದೆ ರೊಟ್ಟಿ ಬೆಲ್ಲ, ಪಕ್ಕದಲ್ಲಿ ಉರಿಯುವ ದೀಪ. ತಪ್ಪು ಅವಳದಲ್ಲ. ಮಣೆ, ಮಣೆಯ ಮೇಲೆ ಮಡಿ ಬಟ್ಟೆ, ಬಟ್ಟೆಯ ಮೇಲೆ ತೊಳೆದ ಕರಿಕಲ್ಲು. ದೇವರನ್ನು ಕೂಡಿಸುವುದು ಇನ್ನು ಹೇಗೆ?

ಅಜ್ಜಿ ಅಪ್ಪನ ಎರಡೂ ಕೈ ಹಿಡಿದುಕೊಂಡಳು. ಕೆನ್ನೆಯೆಲ್ಲ ನೀರು.

"ತಂದೆಲ್ಲೋ ಈರಣ್ಣಾ! ಬದುವಿನಪ್ಪನ್ನ ತಂದೆಲ್ಲೋ ನನ್ನ ಮಗನ!"

ಅಪ್ಪ ಸುಳ್ಳು ಹೇಳದ ಮನುಷ್ಯ. ಆ ಗುಣದಿಂದ ನಮ್ಮ ಮನೆಗೆ ಆಗಿರುವ ತೊಂದರೆ ಒಂದೆರಡಲ್ಲ. "ಇಲ್ಲ ಬೇ ಯವ್ವಾ, ನಾ ತಂದಿಲ್ಲ" ಎಂದುಬಿಟ್ಟ.

ಅಜ್ಜಿ ಕಲ್ಲನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಹಂಗಾದ್ರ ತಾನ ಬಂದಾನ!" ಎಂದು ಅಡ್ಡಬಿದ್ದಳು.

ಇದ್ದ ಸಲೂಷನ್ನೂ ಹೋಯಿತು. ಅಪ್ಪ ನನ್ನನ್ನು ಅಡುಗೆಮನೆಗೆ ಕರೆದೊಯ್ದ.

"ಏನವ್ವಾ ಅದು?"

"ಸ್ಯಾಂಪಲ್ಲಪ್ಪಾ."

"ಬಟ್ಟಿ ಕೆಳಗ?"

"ಬೂಟು."

ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಅವ್ವ ನನ್ನ ತಲೆಗೆ ಒಂದು ಮೊಟಕಿ, "ದೇವ್ರನ್ನ ಬೂಟಿನ ಮ್ಯಾಲ ಕುಂದ್ರಿಸಿಯಲ್ಲೇ, ನಿನ್ನ ಓದಿಗೆ ಬೆಂಕಿ ಹಾಕ" ಎಂದಳು. ಬೆಂಕಿ ಎಂದಕೂಡಲೇ ನನಗೆ ಇನ್ನೊಂದು ನೆನಪಾಯಿತು. ಸಲೂಷನ್ನು ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವ ವಸ್ತು, ದೀಪ ಗೇಣು ದೂರದಲ್ಲಿದೆ. ಓಡಿಹೋಗಿ ದೀಪವನ್ನು ದೂರ ಸರಿಸಿದೆ.

"ಯಾಕಬೇ?" ಎಂದಳು ಅಜ್ಜಿ.

"ದೇವ್ರಿಗೆ ಶಕಿ ಆಗ್ತದಜ್ಜೀ."

ಅಜ್ಜಿ ಒಪ್ಪಿದಳು. ಮೂಗು ಅರಳಿಸಿ, "ಏನೋ ಒಂಥರಾ ವಾಸನಿ ಐತಿ ನೋಡು ಇವನ ಮೈಯಾಗ. ಪರದೇಶದ ವಾಸನಿ" ಎಂದು ಇನ್ನೊಂದು ಊದುಬತ್ತಿ ಹಚ್ಚಿದಳು.

ಅಷ್ಟರಲ್ಲಿ ಬಸಣ್ಣ ತೆಂಗಿನಕಾಯಿ ಹಿಡಿದು ದರ್ಶನಕ್ಕೆ ಬಂದ. ಆತನಿಗೆ ಎರಡು ಲಾರಿಗಳಿದ್ದವು. ಭಕ್ತಿಯಿಂದ ಕೈಮುಗಿದು, ಕಣ್ಣುಮುಚ್ಚಿ, ಆಮೇಲೆ ಒಂದು ಕಣ್ಣು ತೆರೆದು ಕಲ್ಲನ್ನು ಓರೆಯಾಗಿ ನೋಡಿ ನನ್ನ ಕಿವಿಯಲ್ಲಿ, "ಮಸ್ತ್ ಐತ್ರೀ ಮಾಲು. ಅರವತ್ನಾಲ್ಕಕ್ಕ ಕಮ್ಮಿಲ್ಲ" ಎಂದ. ನಾನೇ ಪರೀಕ್ಷೆ ಮಾಡಿದ ಕಲ್ಲು. ಸರಿಯಾಗಿ ಅರವತ್ನಾಲ್ಕೇ ಇತ್ತು.

ಆ ರಾತ್ರಿಯ ಊಟಕ್ಕೆ ಅಜ್ಜಿ ಮೊದಲ ತುತ್ತನ್ನು ಕಲ್ಲಿನ ಮುಂದಿಟ್ಟು, ತಾನು ಎರಡು ರೊಟ್ಟಿ ತಿಂದು, ಮೂರನೆಯದು ಕೇಳಿ ಹಾಕಿಸಿಕೊಂಡಳು. ಅವ್ವ ರೊಟ್ಟಿ ಹಾಕುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬಾಯಿ ಬಿಡಲಿಲ್ಲ, ಬಿಡುವುದಾದರೂ ಹೇಗೆ? ಅದು ಬದುವಿನಪ್ಪ ಅಲ್ಲ ಎಂದು ಸಾಬೀತು ಮಾಡುವ ಪರೀಕ್ಷೆ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ. ಆದರೆ ಬೆಳಿಗ್ಗೆ ಆರೂವರೆಗೆ ಬಸ್ಸು, ಬಸ್ಸಿನ ಕೊನೆಗೆ ಗೇಟು, ಗೇಟಿನಲ್ಲಿ ವಾಚಮನ್. ಬೂಟು ತೆಗೆದರೆ ಅಜ್ಜಿಯ ದೇವರು ಹೋಗುತ್ತಾನೆ, ತೆಗೆಯದಿದ್ದರೆ ನನ್ನ ಕೆಲಸ ಹೋಗುತ್ತದೆ. ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಅಜ್ಜಿ ಬಚ್ಚಲಿಗೆ ಹೋದದ್ದೇ ತಡ, ನಾನು ಮೂಲೆಗೆ ಓಡಿದೆ. ಲೆಕ್ಕಾಚಾರ ಸರಳವಾಗಿತ್ತು. ಕಲ್ಲನ್ನು ಎತ್ತುವುದು, ಬೂಟನ್ನು ಎಳೆದುಕೊಳ್ಳುವುದು, ಎರಡು ಇಟ್ಟಿಗೆ ಇಟ್ಟು ಕಲ್ಲನ್ನು ಮತ್ತೆ ಕೂಡಿಸುವುದು. "ತಪ್ಪಾಯ್ತಪ್ಪಾ" ಎಂದು ಕೈಮುಗಿದು, ಉಸಿರು ಬಿಗಿಹಿಡಿದು ಕಲ್ಲನ್ನು ಎತ್ತಿದೆ.

ಬೂಟೂ ಎದ್ದು ಬಂತು.

ನಾನು ಧಾರಾಳವಾಗಿ ಬಳಿದಿದ್ದ ಸಲೂಷನ್ನು ಮಲ್ಲು ಪಂಚೆಯನ್ನು ನೆನೆಸಿ, ದಾಟಿ, ಕಲ್ಲನ್ನು ಹಿಡಿದುಕೊಂಡಿತ್ತು. ಜಗ್ಗಿದೆ, ಜಾಡಿಸಿದೆ. ಊಹೂಂ. ಪಂಚೆ ಸೊಂಟಕ್ಕೆ ಸುತ್ತಿದಂತೆ ಮೇಲಕ್ಕೆ ಸರಿದು, ಹಣೆಗೆ ವಿಭೂತಿ, ಕಿವಿಯ ಜಾಗದಲ್ಲಿ ಕಣಗಿಲೆ, ಕೆಳಗೆ ಲೇಸು ಸಮೇತ ಜೋಡಿ ಬೂಟು. ದೇವರು ಡ್ಯೂಟಿಗೆ ಹೊರಟು ನಿಂತಿದ್ದ. ನನಗೆ ಇಳಿಸಲೂ ಆಗದು, ಹಿಡಿಯಲೂ ಆಗದು. ಅದೇ ಹೊತ್ತಿಗೆ ಅಜ್ಜಿ ಒದ್ದೆ ಕೂದಲು ಗಂಟುಹಾಕಿಕೊಳ್ಳುತ್ತ ಎದುರಿಗೆ ಬಂದು ನಿಂತಳು.

ಅವಳ ಒಂದು ಕಣ್ಣಿನ ಪೊರೆ ತೆಗೆಸಿತ್ತು, ಇನ್ನೊಂದು ಮಂಜು. ಆ ತೆಗೆಸಿದ ಕಣ್ಣಿನಿಂದ ಕಲ್ಲನ್ನು ನೋಡಿದಳು. ಬೂಟನ್ನು ನೋಡಿದಳು. ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಎಲ್ಲ ಹೇಳಿಬಿಡೋಣವೆಂದು ಬಾಯಿ ತೆರೆದೆ, ಅಳು ಬಂತು.

"ಅಜ್ಜೀ, ಅದು…"

"ಅಳ್ತೀ ಯಾಕಬೇ ಹುಚ್ಚಿ," ಎಂದಳು ಅಜ್ಜಿ. "ಚೀನಾದಿಂದ ನಡಕೊಂಡು ಬಂದಾನ. ಕಾಲಿಗೆ ಬೂಟು ಬ್ಯಾಡೇನು?"

ನಾನು ಕಲ್ಲು ಬೀಳಿಸದೆ ಉಳಿದದ್ದೇ ಆಶ್ಚರ್ಯ. ಅಜ್ಜಿ ಹತ್ತಿರ ಬಂದು, ಮಗುವನ್ನು ಇಸಿದುಕೊಳ್ಳುವಂತೆ ದೇವರ ಕೆಳಗೆ ಕೈಕೊಟ್ಟು ಮಣೆಯ ಮೇಲೆ ಇಳಿಸಿದಳು.

"ಈಗ ಮನೀ ಮುಟ್ಟ್ಯಾನ. ಇನ್ನ ಅವಗ ಬ್ಯಾಡ, ನೀ ಹಾಕ್ಕೋ. ನಾ ಇವನ್ನ ಹಿಡಕೋತೀನಿ, ನೀ ಜಗ್ಗು. ಜಲ್ದಿ ಜಗ್ಗು, ಬಸ್ ಬರ್ತದ."

ಅವಳು ದೇವರನ್ನು ತಬ್ಬಿ ಹಿಡಿದಳು, ನಾನು ಬೂಟು ಜಗ್ಗಿದೆ. ಪರ್ರೆಂದು ಬಂತು. ಅಪ್ಪನ ಪಂಚೆಯ ಒಂದು ತುಂಡು ದೇವರ ಪಾಲಿಗೆ ಉಳಿಯಿತು, ಒಂದು ತುಂಡು ಬೂಟಿನ ಮೂತಿಗೆ. ಅಜ್ಜಿ ಬೂಟಿಗೂ ಒಂದು ಬೆರಳು ವಿಭೂತಿ ಹಚ್ಚಿ ಕೈಗೆ ಕೊಟ್ಟಳು. ಅವಳಿಗೆ ಎಲ್ಲ ತಿಳಿದಿತ್ತೋ, ಏನೂ ತಿಳಿದಿರಲಿಲ್ಲವೋ, ನಾನು ಆಮೇಲೂ ಕೇಳಲಿಲ್ಲ. ಕಲ್ಲನ್ನು ಮಾತ್ರ ಹೊಲಕ್ಕೆ ಒಯ್ಯಲು ಬಿಡಲಿಲ್ಲ. "ಮತ್ತ ಒಯ್ದುಗಿಯ್ದಾರು" ಎಂದು ನಮ್ಮ ಪಡಸಾಲೆಯಲ್ಲೇ ಇಟ್ಟಳು. ಇವತ್ತಿಗೂ ಸೀಗಿ ಹುಣ್ಣಿಮೆಗೆ ಮೊದಲ ತುತ್ತು ಆ ಮೂಲೆಗೇ ಹೋಗುತ್ತದೆ. ಬೂಟು ಮೇಲೆಲ್ಲ ಹರಿದು ಚಿಂದಿಯಾಯಿತು, ಅಟ್ಟೆ ಮಾತ್ರ ಕೊನೆಯವರೆಗೆ ಬಿಡಲಿಲ್ಲ.

ಆ ಸೋಮವಾರ ಬಸ್ಸಿನಲ್ಲಿ ಕೂತ ಮೇಲೆ ಬಲಗಾಲು ಒತ್ತತೊಡಗಿತು. ತುರುಕಿದ ಪೇಪರನ್ನು ಅವಸರದಲ್ಲಿ ತೆಗೆದಾಗ ಒಂದು ಉಂಡೆ ಮೂತಿಯಲ್ಲೇ ಉಳಿದಿತ್ತು. ಬೂಟು ಬಿಚ್ಚಿ ತಲೆಕೆಳಗು ಮಾಡಿ ಕೊಡವಿದೆ. ಅಟ್ಟೆಯ ನಡುವೆ, ನೆಲಕ್ಕೆ ತಾಗದ ಕುಳಿಯಲ್ಲಿ, ವರ್ಷವಿಡೀ ಕೆಂಪು ಧೂಳು ಮೆತ್ತಿದ್ದ ಜಾಗ ಸೀಮೆಎಣ್ಣೆಗೆ ಸ್ವಚ್ಛವಾಗಿತ್ತು. ಅಲ್ಲಿ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ: ಮೇಡ್ ಇನ್ ಚೈನಾ. ಅಜ್ಜಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲ.

ಗೇಟಿನಲ್ಲಿ ವಾಚಮನ್ ಎಂದಿನಂತೆ ಕಾಲು ನೋಡಿದ. ಅಂಟಿದ ಪಂಚೆಯ ಚೂರು ನೋಡಿದ, ವಿಭೂತಿ ನೋಡಿದ. ನಾನು ಸೇರಿದಂದಿನಿಂದ ಮೊದಲ ಸಲ ತಲೆಯೆತ್ತಿ ನನ್ನ ಮುಖವನ್ನೂ ನೋಡಿದ.

"ಏನ್ರೀ ಮೇಡಂ, ಬೂಟಿಗೆ ಯಾಕ್ರೀ ಇಬತ್ತಿ?"

"ಭಾಳ ದೂರದಿಂದ ನಡಕೊಂಡು ಬಂದಾವ್ರೀ," ಎಂದೆ.

ಆತ ಗೇಟು ತೆಗೆದ.